ದೊಡ್ಡಹಳ್ಳದ ಈಚೆಯ ಜನ

ವಿಮಲಮ್ಮ ನಂದಿಗೋಡಿನ ಶಾಲೆಗೆ ಟೀಚರಾಗಿ ಬಂದದ್ದು 1989ರ ಜೂನ್‌ನಲ್ಲಿ. ಗಂಡ ತೀರಿಕೊಂಡು ಒಂದು ವರ್ಷವಾಗಿತ್ತು. ಜೊತೆಗೆ ನಾಲ್ಕು ವರ್ಷದ ಮಗಳು ರಕ್ಷಾ. ಮೂಡಿಗೆರೆಯಿಂದ ಕಳಸದ ಕಡೆ ಹೋಗುವ ಬಸ್ಸು ತಾಯಿ ಮಗಳನ್ನು ಒಂದು ಟ್ರಂಕಿನ ಸಮೇತ ಇಳಿಸಿ ಹೋದ ಮೇಲೆ ಅವರು ಮೂರು ದಿನ ಬಾಡಿಗೆ ಮನೆ ಹುಡುಕಿದರು. ಒಂಟಿ ಹೆಂಗಸು ಅಂದ ಕೂಡಲೇ ಒಬ್ಬರು ಯಜಮಾನರನ್ನು ಕೇಳಬೇಕು ಎಂದರು, ಇನ್ನೊಬ್ಬರು ಮನೆ ರಿಪೇರಿ ಇದೆ ಎಂದರು. ನಾಲ್ಕನೆಯ ದಿನ ಪೇಟೆಬೀದಿಯ ದಿನಸಿ ಅಂಗಡಿಯ ಪರಮೇಶ್ವರಪ್ಪ ತಾವಾಗಿಯೇ ಶಾಲೆಗೆ ಬಂದರು. "ನಮ್ಮ ಅಂಗಡಿ ಹಿಂದೆ ಎರಡು ಕೋಣೆ ಇದೆ. ನಿಮಗೆ ಸಾಕಾಗ್ತದಾ ನೋಡಿ" ಎಂದರು.

ಸಾಕಾಯಿತು. ಶಾಲೆ ಬಿಡುವ ತನಕ ರಕ್ಷಾಳನ್ನು ಪರಮೇಶ್ವರಪ್ಪನವರ ಹೆಂಡತಿ ಬಸಮ್ಮ ನೋಡಿಕೊಂಡರು. ಮಗುವಿಗೆ ದಡಾರ ಬಂದಾಗ ಒಂಬತ್ತು ದಿನ ಹಾಸಿಗೆಯ ಪಕ್ಕದಲ್ಲೇ ಕೂತಿದ್ದರು. ಮಾಡಿದ್ದನ್ನು ಅವರಿಬ್ಬರೂ ಒಂದು ದಿನವೂ ಎತ್ತಿ ಆಡಲಿಲ್ಲ. "ಆ ಮನೆಯವರು ಇಲ್ಲದೇ ಹೋಗಿದ್ರೆ ನಾನು ಒಂದೇ ವರ್ಷಕ್ಕೆ ಕೆಲಸ ಬಿಟ್ಟು ತವರಿಗೆ ಹೋಗಿಬಿಡ್ತಿದ್ದೆ" ಎಂದು ವಿಮಲಮ್ಮ ಯಾರ ಹತ್ತಿರವಾದರೂ ಹೇಳುತ್ತಿದ್ದರು.

ನಂದಿಗೋಡಿನಲ್ಲಿ ಎರಡು ಬ್ಯಾಂಕು, ಒಂದು ಜೂನಿಯರ್ ಕಾಲೇಜು, ಸೋಮವಾರದ ಸಂತೆ, ಕಾಫಿ ಮತ್ತು ಕಾಳುಮೆಣಸು ಕೊಳ್ಳುವ ಐದಾರು ಮಂಡಿ ಇದ್ದವು. ಆದರೆ ಸರ್ಕಾರದ ಕಾಗದದಲ್ಲಿ ಅದು ಇನ್ನೂ ಗ್ರಾಮ. ಗ್ರಾಮ ಪಂಚಾಯಿತಿಗೆ ಒಬ್ಬ ಕಾರ್ಯದರ್ಶಿ, ಒಬ್ಬ ನೀರುಗಂಟಿ, ಒಂದು ಪಂಪು. 1994ರ ಮಳೆಗಾಲದಲ್ಲಿ ಚರಂಡಿಯ ನೀರು ಊರಬಾವಿಗೆ ಸೇರಿ ಕಾಮಾಲೆ ಹಬ್ಬಿತು. ಆರು ಜನ ಹೋದರು. ಅವರಲ್ಲಿ ಒಬ್ಬಳು ಪರಮೇಶ್ವರಪ್ಪನವರ ತಂಗಿಯ ಮಗಳು, ಹತ್ತೊಂಬತ್ತು ವರ್ಷದವಳು, ಅವರ ಮನೆಯಲ್ಲೇ ಇದ್ದು ಕಾಲೇಜಿಗೆ ಹೋಗುತ್ತಿದ್ದವಳು.

ಪರಮೇಶ್ವರಪ್ಪ ಆಗತಾನೇ ಪಂಚಾಯಿತಿ ಅಧ್ಯಕ್ಷರಾಗಿದ್ದರು. ಆ ವರ್ಷದಿಂದ ಅವರಿಗೆ ಒಂದೇ ಹಂಬಲ. ಊರು ಪಟ್ಟಣ ಪಂಚಾಯಿತಿ ಆಗಬೇಕು. ಆಗ ಮುಖ್ಯಾಧಿಕಾರಿ ಬರುತ್ತಾರೆ, ಇಂಜಿನಿಯರು ಬರುತ್ತಾರೆ, ಹೊಳೆಯಿಂದ ನೀರು ಎತ್ತಿ ಶುದ್ಧ ಮಾಡಿ ಕೊಡುವ ಯೋಜನೆ ಬರುತ್ತದೆ, ಚರಂಡಿಗೆ ಮುಚ್ಚಳ ಬರುತ್ತದೆ. ಅವರು ಅರ್ಜಿ ಬರೆದರು, ಚಿಕ್ಕಮಗಳೂರಿಗೆ ಅಲೆದರು. ಒಂದು ವರ್ಷದ ಮೇಲೆ ಎರಡು ಸಾಲಿನ ಉತ್ತರ ಬಂತು: 1991ರ ಜನಗಣತಿಯಂತೆ ಸದರಿ ಗ್ರಾಮದ ಜನಸಂಖ್ಯೆ 9,580. ಹತ್ತು ಸಾವಿರಕ್ಕಿಂತ ಕಡಿಮೆ ಇರುವುದರಿಂದ ಮನವಿಯನ್ನು ಪರಿಗಣಿಸಲು ಬರುವುದಿಲ್ಲ.

ಮುಂದಿನ ಗಣತಿ 2001ಕ್ಕೆ. ಅವರು ಕಾದರು.

ಆ ವರ್ಷದ ಫೆಬ್ರವರಿಯಲ್ಲಿ ಗಣತಿ ಶುರುವಾದಾಗ ಊರಿನ ಹದಿನಾಲ್ಕು ಬ್ಲಾಕುಗಳಿಗೆ ಹದಿನಾಲ್ಕು ಜನ ಟೀಚರುಗಳನ್ನು ಹಾಕಿದರು. ವಿಮಲಮ್ಮನಿಗೆ ಬಂದದ್ದು ಹನ್ನೊಂದನೆಯ ಬ್ಲಾಕು, ಸಂತೆಮಾಳದಿಂದ ಪಶ್ಚಿಮಕ್ಕೆ ಹಳ್ಳದವರೆಗೆ. ಬೆಳಗ್ಗೆ ಶಾಲೆ, ಮಧ್ಯಾಹ್ನದ ಮೇಲೆ ಮನೆಮನೆ. ಒಬ್ಬೊಬ್ಬರ ವಿವರ ಯಾರಿಗೂ ಹೇಳುವಂತಿರಲಿಲ್ಲ. ಆದರೂ ಯಾವ ಬೀದಿಯಲ್ಲಿ ಎಷ್ಟು ತಲೆ ಆಯಿತೆಂಬ ಅಂದಾಜು ದಿನಾ ಸಂಜೆ ದಿನಸಿ ಅಂಗಡಿಯ ಬೆಂಚಿನ ಮೇಲೆ ಹೇಗೋ ಬಂದು ಬೀಳುತ್ತಿತ್ತು.

ಇಪ್ಪತ್ತೊಂದನೇ ತಾರೀಖಿನ ಸಂಜೆ ಪರಮೇಶ್ವರಪ್ಪ ವಿಮಲಮ್ಮನ ಬಾಗಿಲಿಗೆ ಬಂದರು. ಹನ್ನೆರಡು ವರ್ಷದಲ್ಲಿ ಅವರು ಆ ಎರಡು ಕೋಣೆಯ ಒಳಗೆ ಬಂದು ಕೂತದ್ದು ಎರಡೋ ಮೂರೋ ಸಲ. ಆವತ್ತು ಬಂದು ಚಾಪೆಯ ಮೇಲೆ ಕೂತರು.

"ವಿಮಲಮ್ಮ, ಎಲ್ಲಾ ಸೇರಿಸಿದ್ರೂ ಒಂಬತ್ತು ಸಾವಿರದ ಎಂಟ್ನೂರು ದಾಟಲ್ಲ" ಎಂದರು.

"ಇನ್ನೂ ಒಂದು ವಾರ ಇದೆಯಲ್ಲ ಅಣ್ಣ."

"ಬರೋ ಮನೆಯೆಲ್ಲ ಬಂದಾಯ್ತು. ಕಾಫಿ ರೇಟು ಬಿದ್ದ ಮೇಲೆ ಎಷ್ಟು ಸಂಸಾರ ಊರು ಬಿಟ್ವು ನಿಮಗೇ ಗೊತ್ತು." ಮತ್ತೆ ಅವರೇ ಮುಂದುವರಿಸಿದರು. "ಮನೆಮನೆಯಲ್ಲೂ ಹಾಸನ, ಚಿಕ್ಕಮಗಳೂರು ಅಂತ ಹೋದ ಮಕ್ಕಳಿದಾರೆ. ಅವರೇನು ಈ ಊರಿನವರಲ್ವಾ? ಹಬ್ಬಕ್ಕೆ ಬರ್ತಾರೆ, ಓಟಿಗೆ ಬರ್ತಾರೆ. ಎಂಟು ಮನೆಗೆ ಒಬ್ಬರನ್ನ ಸೇರಿಸಿದ್ರೂ ಆಗಿಹೋಗ್ತದೆ. ಬೇರೆ ಟೀಚರುಗಳು ನಿಮ್ಮ ಮುಖ ನೋಡ್ತಿದಾರೆ. ನೀವು ಸೀನಿಯರು. ನೀವು ಬರೆದ್ರೆ ಅವರೂ ಬರೀತಾರೆ. ಇದು ನನ್ನ ಮನೆಗಾಗಿ ಅಲ್ಲ."

ಅವರ ಮನೆಗಾಗಿ ಅಲ್ಲವೆಂಬುದು ವಿಮಲಮ್ಮನಿಗೂ ಗೊತ್ತಿತ್ತು. ತೀರಿಕೊಂಡ ಹುಡುಗಿಯ ಪುಸ್ತಕಗಳು ಇನ್ನೂ ಬಸಮ್ಮನ ಗೂಡಿನಲ್ಲಿದ್ದವು. ಹನ್ನೆರಡು ವರ್ಷ ತಮ್ಮಿಂದ ಏನನ್ನೂ ಕೇಳದ ಮನುಷ್ಯ ಮೊದಲ ಸಲ ಒಂದು ಸಹಾಯ ಕೇಳುತ್ತಿದ್ದರು.

"ಅಣ್ಣ, ಆ ಮಕ್ಕಳನ್ನ ಅಲ್ಲಿನ ಟೀಚರುಗಳು ಅಲ್ಲಿ ಬರ್ಕೊಂಡಿರ್ತಾರೆ. ನಾನು ಇಲ್ಲಿ ಬರೆದ್ರೆ ಒಬ್ಬ ಮನುಷ್ಯ ಎರಡು ಊರಲ್ಲಿ ಇದ್ದ ಹಾಗಾಗ್ತದೆ. ಕೊನೇಲಿ ಕೆಳಗೆ ಸಹಿ ಮಾಡೋದು ನಾನು." ಅವರ ದನಿ ಸಣ್ಣದಾಯಿತು. "ನಿಮಗೆ ಇಲ್ಲ ಅನ್ನೋಕೆ ನನಗೆ ಬಾಯೇ ಬರ್ತಿಲ್ಲ. ಆದ್ರೂ ನನ್ನ ಕೈಯಲ್ಲಿ ಆಗಲ್ಲ."

ಪರಮೇಶ್ವರಪ್ಪ ಸಿಟ್ಟು ತೋರಿಸಲಿಲ್ಲ. "ಸರಿ" ಎಂದರು, ಎದ್ದು ಹೋದರು. ಮಾರನೆಯ ದಿನ ಬೆಳಗ್ಗೆ ಬಸಮ್ಮ ಎಂದಿನಂತೆ ಹಾಲು ತಂದುಕೊಟ್ಟರು, ಆದರೆ ಎಂದಿನಂತೆ ನಿಂತು ಮಾತಾಡಲಿಲ್ಲ. ಬೈದಿದ್ದರೆ ವಾಸಿಯಿತ್ತು ಎಂದು ವಿಮಲಮ್ಮನಿಗೆ ಅನ್ನಿಸಿತು.

ಆ ದಿನ ಶಾಲೆಯಲ್ಲಿ ಪಾಠ ಮಾಡುತ್ತಲೇ ಅವರ ತಲೆಯಲ್ಲಿ ಒಂದು ಯೋಚನೆ ಸುತ್ತುತ್ತಿತ್ತು. ಇಲ್ಲದವರನ್ನು ಬರೆಯುವುದಿಲ್ಲ ಎಂದದ್ದಾಯಿತು. ಹಾಗಾದರೆ ಇರುವವರು ಯಾರೂ ಬಿಟ್ಟುಹೋಗಿಲ್ಲ ಎಂದು ತಾನು ಎದೆ ಮುಟ್ಟಿ ಹೇಳಬಹುದೇ? ಮಧ್ಯಾಹ್ನ ಗ್ರಾಮಲೆಕ್ಕಿಗ ಗುರುವಯ್ಯನವರ ಕಚೇರಿಗೆ ಹೋಗಿ, ತಮ್ಮ ಬ್ಲಾಕಿನ ಗಡಿಯನ್ನು ಊರಿನ ನಕ್ಷೆಯಲ್ಲಿ ತೋರಿಸಿ ಎಂದು ಕೇಳಿದರು.

ಗುರುವಯ್ಯ ಬಟ್ಟೆ ಅಂಟಿಸಿದ ಹಳೆಯ ನಕ್ಷೆ ಬಿಚ್ಚಿ ಮೇಜಿನ ಮೇಲೆ ಹರಡಿದರು. "ಪಶ್ಚಿಮಕ್ಕೆ ಹಳ್ಳ. ಇಗೋ ಇಲ್ಲಿ."

ವಿಮಲಮ್ಮ ಬಗ್ಗಿ ನೋಡಿದರು. "ಇದು ದೊಡ್ಡಹಳ್ಳ ಅಲ್ವಾ ಗುರುವಯ್ಯನವರೇ? ನಾವೆಲ್ಲ ಎಣಿಸಿದ್ದು ಸಂತೆಮಾಳದ ಕೆಳಗಿನ ಚಿಕ್ಕಹಳ್ಳದ ತನಕ."

ಗುರುವಯ್ಯ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಗೆರೆ ಹಿಡಿದು ಹೋದರು. ನಕ್ಷೆಯ ಗಡಿ ಗುಡ್ಡ ಹತ್ತಿ, ಆಚೆ ಇಳಿದು, ದೊಡ್ಡಹಳ್ಳದಲ್ಲಿ ನಿಂತಿತ್ತು. ಎರಡು ಹಳ್ಳಗಳ ನಡುವೆ ಒಂದು ಗುಡ್ಡ, ಗುಡ್ಡದ ಮೇಲೆ ಕಲ್ಲುಬಾಳೆ ಎಸ್ಟೇಟ್. ಎಸ್ಟೇಟಿನ ಮನೆತನದಲ್ಲಿ ಪಾಲಿನ ಜಗಳ ಕೋರ್ಟಿಗೆ ಹೋಗಿ ತೋಟ ಹದಿನೈದು ವರ್ಷದಿಂದ ಪಾಳು. ಆದರೆ ಅಲ್ಲಿನ ಕೂಲಿ ಲೈನುಗಳ ಸಾಲುಮನೆಗಳಲ್ಲಿ ಜನ ಉಳಿದಿದ್ದರು. ಬೇರೆ ತೋಟಗಳ ಜೀಪು ಬಂದು ಬೆಳಗ್ಗೆ ಅವರನ್ನು ಕೆಲಸಕ್ಕೆ ಒಯ್ಯುತ್ತಿತ್ತು. ಜೀಪಿನ ದಾರಿ ದೊಡ್ಡಹಳ್ಳ ದಾಟಿ ಪಕ್ಕದ ಹಳ್ಳಿಯ ಮೇಲೆ ಹೋಗುತ್ತಿದ್ದುದರಿಂದ, ಲೈನಿನವರು ಆ ಹಳ್ಳಿಗೆ ಸೇರಿದವರು ಎಂದೇ ನಂದಿಗೋಡಿನವರು ತಿಳಿದಿದ್ದರು. ಆ ಹಳ್ಳಿಯವರೋ, ಹಳ್ಳದ ಆಚೆಯವರು ನಂದಿಗೋಡಿಗೆ ಸೇರಿದವರು ಎಂದು ಬಿಟ್ಟಿದ್ದರು.

"ಅಂದ್ರೆ ಹಿಂದಿನ ಗಣತಿಯಲ್ಲಿ?" ಎಂದು ವಿಮಲಮ್ಮ ಕೇಳಿದರು.

"ಯಾರೂ ಬರ್ಕೊಂಡಿಲ್ಲ ಅನ್ಸುತ್ತೆ ಟೀಚರೇ" ಎಂದರು ಗುರುವಯ್ಯ. ಅವರ ಮುಖವೂ ಬಾಡಿತ್ತು.

ಮೇಲ್ವಿಚಾರಕರ ಒಪ್ಪಿಗೆ ಪಡೆದು ವಿಮಲಮ್ಮ ಮಾರನೆಯ ದಿನವೇ ಗುಡ್ಡ ಹತ್ತಿದರು. ಬೇಲಿ ಬಿದ್ದ ತೋಟದಲ್ಲಿ ಕಾಫಿ ಗಿಡಗಳು ಮರದ ಹಾಗೆ ಬೆಳೆದಿದ್ದವು. ತುದಿಯಲ್ಲಿ ಹಂಚಿನ ಉದ್ದನೆಯ ಸಾಲುಗಳು, ಒಂದೊಂದು ಸಾಲಿನಲ್ಲಿ ಹತ್ತು ಹನ್ನೆರಡು ಬಾಗಿಲು. ಮೊದಲ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದ ಮುದುಕಿಯ ಹೆಸರು ತಿಮ್ಮಮ್ಮ. ಬಯಲುಸೀಮೆಯಿಂದ ಹುಡುಗಿಯಾಗಿ ಕಾಫಿ ಕೊಯ್ಲಿಗೆ ಬಂದವಳು, ಇಲ್ಲಿಯೇ ಮದುವೆಯಾಗಿ, ಇಲ್ಲಿಯೇ ಗಂಡನನ್ನು ಮಣ್ಣು ಮಾಡಿದವಳು. ಲೈನಿನಲ್ಲಿ ಅವಳ ಮಾತು ನಡೆಯುತ್ತಿತ್ತು.

ವಿಮಲಮ್ಮ ಬಂದ ಕಾರಣ ಹೇಳಿದರು. ತಿಮ್ಮಮ್ಮ ಮೊರ ಕೆಳಗಿಟ್ಟಳು.

"ಹೆಸರು ಬರ್ಕೊಂಡು ಏನ್ ಮಾಡ್ತೀರಮ್ಮ? ಹಿಂದೆ ಯಾರೋ ಒಬ್ಬರು ಬಂದು ಹೆಸರು ಬರ್ಕೊಂಡ್ ಹೋದ್ರು, ಆಮೇಲೆ ಕೋರ್ಟಿಂದ ಖಾಲಿ ಮಾಡಿ ಅಂತ ಕಾಗದ ಬಂತು."

"ಇದು ಅದಲ್ಲಮ್ಮ. ಇದನ್ನ ಯಾರಿಗೂ ತೋರ್ಸಲ್ಲ. ದೇಶದಲ್ಲಿ ಎಷ್ಟು ಜನ ಇದಾರೆ ಅಂತ ಎಣಿಸೋದು, ಅಷ್ಟೇ."

"ಯಾವೂರಿನ ಲೆಕ್ಕಕ್ಕೆ ಎಣಿಸ್ತೀರಿ?"

"ನಂದಿಗೋಡಿಗೆ."

ತಿಮ್ಮಮ್ಮ ಅವರ ಮುಖವನ್ನೇ ನೋಡಿದಳು. "ಆರು ವರ್ಷದ ಹಿಂದೆ ನಾನೂ ಈ ಕೆಂಪಯ್ಯನೂ ನಿಮ್ಮ ಪಂಚಾಯ್ತಿಗೆ ಹೋಗಿದ್ವಿ. ಒಂದು ಕೊಳಾಯಿ ಹಾಕಿಸ್ಕೊಡಿ ಅಂದ್ವಿ. ನೀವು ನಮ್ಮವರಲ್ಲ, ಹಳ್ಳದಾಚೆ ಹೋಗಿ ಕೇಳಿ ಅಂದ್ರು ಅಧ್ಯಕ್ಷರು. ಆಗ ನಾವು ನಿಮ್ಮವರಲ್ಲ, ಈಗ ಎಣಿಸೋಕೆ ನಿಮ್ಮವರಾ?"

ಪಕ್ಕದ ಬಾಗಿಲಿನಲ್ಲಿ ನಿಂತಿದ್ದ ಕೆಂಪಯ್ಯ, ಒಂದು ಕಾಲದಲ್ಲಿ ಎಸ್ಟೇಟಿನ ಮೇಸ್ತ್ರಿಯಾಗಿದ್ದವನು, ತಲೆ ಅಲ್ಲಾಡಿಸಿದ. ಸಾಲಿನ ಉದ್ದಕ್ಕೂ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಕಾನೂನು ಹೇಳಿ ಹೆದರಿಸಲು ವಿಮಲಮ್ಮನಿಗೆ ಮನಸ್ಸು ಬರಲಿಲ್ಲ. ತಿಮ್ಮಮ್ಮನ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಬೇರೆ ಇದ್ದರು. ವಿಮಲಮ್ಮ ಫಾರಂಗಳ ಚೀಲ ಹೊತ್ತು ಹಾಗೆಯೇ ಇಳಿದು ಬಂದು ನೇರವಾಗಿ ದಿನಸಿ ಅಂಗಡಿಗೆ ಹೋದರು.

ಪರಮೇಶ್ವರಪ್ಪ ಎಲ್ಲವನ್ನೂ ಕೇಳಿದರು. ಮೇಲೆ ಎಪ್ಪತ್ತಕ್ಕೂ ಹೆಚ್ಚು ಮನೆಗಳಿವೆ ಎಂದಾಗ ಅವರ ಕಣ್ಣು ಅರಳಿತು. ಕೊಳಾಯಿಯ ಮಾತು ಬಂದಾಗ ತಲೆ ತಗ್ಗಿತು.

"ಹೌದು, ಬಂದಿದ್ರು. ನಾನೇ ಹಾಗಂದಿದ್ದು."

"ನಕ್ಷೆ ನೋಡಿದ್ರಾ ಆವತ್ತು?"

"ಇಲ್ಲ."

"ಹಾಗಾದ್ರೆ ನೀವು ಬರಬೇಕು ಅಣ್ಣ. ನಾನು ಹೇಳಿದ್ರೆ ಅವರು ಕೇಳಲ್ಲ. ಕೇಳಬೇಕು ಅನ್ನೋದೂ ನ್ಯಾಯ ಅಲ್ಲ."

ಪರಮೇಶ್ವರಪ್ಪನವರಿಗೆ ಅರವತ್ಮೂರು ವರ್ಷ, ಎರಡೂ ಮಂಡಿ ನೋವು. ಆದರೂ ಮಾರನೆಯ ಬೆಳಗ್ಗೆ ಏಳಕ್ಕೇ, ಜೀಪು ಬರುವ ಮೊದಲೇ ಸಿಗಬೇಕೆಂದು, ಕೋಲು ಹಿಡಿದು ಗುಡ್ಡ ಹತ್ತಿದರು. ನಾಲ್ಕು ಕಡೆ ಕೂತು ಸುಧಾರಿಸಿಕೊಂಡರು. ಕೊನೆಯ ಏರಿನಲ್ಲಿ ಕೊಡ ಹೊತ್ತ ಹೆಂಗಸರು ಎದುರಾದರು. ಬಂಡೆಯ ಸಂದಿಯ ಒರತೆಯಿಂದ ಚಿಪ್ಪಿನಲ್ಲಿ ತೋಡಿ ತೋಡಿ ಒಂದು ಕೊಡ ತುಂಬಲು ಅರ್ಧ ಗಂಟೆ ಹಿಡಿಯುತ್ತಿತ್ತು. ಪರಮೇಶ್ವರಪ್ಪ ಅಲ್ಲಿ ನಿಂತು ಒಂದು ಕೊಡ ತುಂಬುವ ತನಕ ನೋಡಿದರು.

ಲೈನಿನ ಅಂಗಳದಲ್ಲಿ ಜನ ಸೇರಿದರು. ಅಧ್ಯಕ್ಷರಿಗೆ ಬಾಯಿ ಒಣಗಿತ್ತು. "ಸ್ವಲ್ಪ ನೀರು ಕೊಡ್ತೀಯೇನಮ್ಮ?" ಎಂದು ತಿಮ್ಮಮ್ಮನನ್ನು ಕೇಳಿದರು.

"ನಾವು ಕೊಟ್ಟ ನೀರು ಕುಡೀತೀರಾ ಸಾಹುಕಾರ್ರೇ?"

"ಕೇಳ್ತಿರೋನು ನಾನಲ್ವಾ?"

ತಿಮ್ಮಮ್ಮ ಚೊಂಬು ತಂದಳು. ಅವರು ಪೂರ್ತಿ ಕುಡಿದು ಚೊಂಬು ಅವಳ ಕೈಗೇ ಕೊಟ್ಟರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ತಿಮ್ಮಮ್ಮ, ಆವತ್ತು ನೀವು ನಮ್ಮವರಲ್ಲ ಅಂದೋನು ನಾನು. ನಕ್ಷೆ ಬಿಚ್ಚಿ ನೋಡಿರಲಿಲ್ಲ. ಬಾಯಿಗೆ ಬಂದಿದ್ದು ಹೇಳಿ ಕಳಿಸ್ದೆ. ತಪ್ಪಾಯ್ತು. ಈ ಗುಡ್ಡ ನಂದಿಗೋಡಿಗೆ ಸೇರಿದ್ದು. ಈಗ ನಮಗೆ ಜನ ಕಡಿಮೆ ಬಿದ್ದಿದಾರೆ, ಅದಕ್ಕೇ ಬಂದೆ, ಸುಳ್ಳು ಯಾಕೆ ಹೇಳ್ಲಿ. ನೀವು ಸೇರಿದ್ರೆ ಊರು ಪಟ್ಟಣ ಆಗ್ತದೆ, ನೀರಿನ ಯೋಜನೆ ಬರ್ತದೆ. ಬಂದ್ರೆ ಪೈಪು ಇಲ್ಲಿ ತನಕ ಬರ್ಬೇಕು. ಅದು ನನ್ನ ಮೇಲಿರ್ಲಿ."

ತಿಮ್ಮಮ್ಮ ಹೇಳಿದಳು: "ಮಾತು ಬೇಡ ಸಾಹುಕಾರ್ರೇ. ಈ ಗುಡ್ಡ ನಿಮ್ಮ ಪಂಚಾಯ್ತಿದು ಅಂತ ಒಂದು ಕಾಗದ ಬರ್ಕೊಡಿ. ನಮ್ಮ ಹತ್ರ ಯಾವ ಕಾಗದಾನೂ ಇಲ್ಲ. ರೇಷನ್ ಕಾರ್ಡ್ ಕೇಳೋಕೆ ಹೋದ್ರೆ ಯಾವೂರು ಅಂತಾರೆ, ನಮಗೆ ಹೇಳೋಕೆ ಬರಲ್ಲ."

ಪರಮೇಶ್ವರಪ್ಪ ವಿಮಲಮ್ಮನ ಚೀಲದಿಂದ ಒಂದು ಬಿಳಿ ಹಾಳೆ ತೆಗೆದುಕೊಂಡು ಅಲ್ಲೇ ಜಗುಲಿಯ ಮೇಲೆ ಕೂತು ಬರೆದರು. ಕಲ್ಲುಬಾಳೆ ಲೈನಿನ ನಿವಾಸಿಗಳು ನಂದಿಗೋಡು ಗ್ರಾಮ ಪಂಚಾಯಿತಿ ವ್ಯಾಪ್ತಿಗೆ ಸೇರಿದವರು ಎಂದು ಬರೆದು ಸಹಿ ಹಾಕಿದರು. ಸಂಜೆಯೊಳಗೆ ನಕ್ಷೆಯ ನಕಲು ಲಗತ್ತಿಸಿ, ಮೊಹರು ಹಾಕಿಸಿ ಕಳಿಸುತ್ತೇನೆ ಎಂದರು. ಕೆಂಪಯ್ಯ ಆ ಹಾಳೆಯನ್ನು ಎರಡು ಸಲ ಗಟ್ಟಿಯಾಗಿ ಓದಿದ. ತಿಮ್ಮಮ್ಮ ಅದನ್ನು ಮಡಿಸಿ ಒಳಗೆ ಇಟ್ಟು ಬಂದು ವಿಮಲಮ್ಮನ ಎದುರು ಕೂತಳು.

"ಬರ್ಕೊಳ್ಳಿ ಟೀಚರಮ್ಮ. ನನ್ನ ಹೆಸರು ತಿಮ್ಮಮ್ಮ."

"ವಯಸ್ಸು ಎಷ್ಟಮ್ಮ?"

"ಅದು ಗೊತ್ತಿದ್ರೆ ಹೇಳಲ್ವಾ? ದೊಡ್ಡ ಗಾಳಿಗೆ ಕಾಫಿ ಹಣ್ಣು ಸುಲಿಯೋ ಪಲ್ಪರ್ ಮನೆ ಹಂಚೆಲ್ಲ ಹಾರಿಹೋದ ವರ್ಷ ನನ್ನ ಮದುವೆಯಾಯ್ತು."

ಆ ಗಾಳಿಯ ವರ್ಷ ಕೆಂಪಯ್ಯನಿಗೆ ನೆನಪಿತ್ತು. ಅವನೂ ವಿಮಲಮ್ಮನೂ ಕೂಡಿ ಕಳೆದು ಅರವತ್ತೊಂದು ಎಂದು ತೀರ್ಮಾನಿಸಿದರು. ತನಗೆ ಅರವತ್ತೊಂದು ಎಂದು ತಿಳಿದು ತಿಮ್ಮಮ್ಮನಿಗೆ ನಗು ಬಂತು. "ನಾನು ಎಂಬತ್ತು ಅಂದ್ಕೊಂಡಿದ್ದೆ" ಎಂದಳು.

ಮೂರು ದಿನ ವಿಮಲಮ್ಮ ಗುಡ್ಡ ಹತ್ತಿ ಇಳಿದರು. ಎಪ್ಪತ್ನಾಲ್ಕು ಮನೆ, ಮುನ್ನೂರ ಹನ್ನೊಂದು ಜನ. ಕೆಲಸ ಹುಡುಕಿಕೊಂಡು ಕೊಡಗಿಗೆ ಹೋಗಿ ತಿಂಗಳುಗಟ್ಟಲೆ ಬಾರದ ಇಬ್ಬರು ಗಂಡಸರನ್ನು ಸೇರಿಸಿ ಎಂದು ಅವರ ಹೆಂಡಂದಿರು ಕೇಳಿಕೊಂಡರು. ವಿಮಲಮ್ಮ ಅದಕ್ಕೂ ಇಲ್ಲವೆಂದರು. ಮಾರ್ಚಿನ ಮೊದಲ ವಾರ, ನಡುವೆ ಹುಟ್ಟಿದವರನ್ನೂ ಹೋದವರನ್ನೂ ತಿದ್ದಿಕೊಳ್ಳಲು ಕೊನೆಯ ಸಲ ಹೋದಾಗ ಒಂದು ಮಳೆ ಬಿದ್ದು ಪಾಳು ತೋಟದ ತುಂಬ ಕಾಫಿ ಹೂ ಬಿಟ್ಟಿತ್ತು. ಆ ಹೂವನ್ನು ನೋಡಿಕೊಂಡು ನಡೆಯುವಾಗ ಅವರಿಗೆ ಅನ್ನಿಸಿದ್ದು ಇಷ್ಟೇ: ಹನ್ನೆರಡು ವರ್ಷದಿಂದ ಈ ಊರಿನಲ್ಲಿದ್ದೇನೆ, ಈ ಗುಡ್ಡಕ್ಕೆ ಒಂದು ದಿನವೂ ಬಂದಿರಲಿಲ್ಲ.

ಅಧಿಕೃತ ಅಂಕಿ ಬರಲು ತಿಂಗಳುಗಳು ಹಿಡಿದವು. ನಂದಿಗೋಡು: 10,103. ಆಮೇಲೆ ಕರಡು ಅಧಿಸೂಚನೆ, ಆಕ್ಷೇಪಣೆ, ಮತ್ತೆ ಅಲೆದಾಟ. 2003ರಲ್ಲಿ ಗ್ರಾಮ ಪಂಚಾಯಿತಿ ವಿಸರ್ಜನೆಯಾಗಿ ಊರು ಪಟ್ಟಣ ಪಂಚಾಯಿತಿ ಆಯಿತು. ಪರಮೇಶ್ವರಪ್ಪನವರ ಅಧ್ಯಕ್ಷಗಿರಿಯೂ ಆವತ್ತಿಗೇ ಮುಗಿಯಿತು. ಅವರ ಬೀದಿಯ ವಾರ್ಡು ಮಹಿಳೆಗೆ ಮೀಸಲಾದ್ದರಿಂದ ಅವರು ಅಲ್ಲಿಂದ ಮತ್ತೆ ಚುನಾವಣೆಗೆ ನಿಲ್ಲುವಂತೆಯೂ ಇರಲಿಲ್ಲ. ಅದಕ್ಕೆ ಅವರೇನೂ ಬೇಸರ ಮಾಡಿಕೊಳ್ಳಲಿಲ್ಲ. ಗುಡ್ಡವೂ ಸಂತೆಮಾಳವೂ ಸೇರಿ ಇನ್ನೊಂದು ವಾರ್ಡಾಯಿತು. ಅಲ್ಲಿಂದ ತಿಮ್ಮಮ್ಮನ ಸೊಸೆ ಗೆದ್ದು ಸದಸ್ಯೆಯಾದಳು. ಹೊಳೆಯ ನೀರಿನ ಯೋಜನೆ ಮಂಜೂರಾದಾಗ ಇಂಜಿನಿಯರು, ಗುಡ್ಡದ ಪೈಪು ಎರಡನೇ ಹಂತಕ್ಕೆ ಇರಲಿ ಎಂದರು. ಪರಮೇಶ್ವರಪ್ಪ ಯಾವ ಪದವಿಯೂ ಇಲ್ಲದೆ ಕೋಲು ಹಿಡಿದು ಎಂಟು ದಿನ ಕಚೇರಿಯ ಬೆಂಚಿನ ಮೇಲೆ ಕೂತರು. ತಿಮ್ಮಮ್ಮನ ಸೊಸೆ ಸಭೆಯಲ್ಲಿ ಎದ್ದು ನಿಂತು ಆವತ್ತು ಬರೆದುಕೊಟ್ಟ ಕಾಗದ ತೋರಿಸಿದಳು. ಪೈಪು ಮೊದಲ ಹಂತದಲ್ಲೇ ಸೇರಿತು.

2005ರ ಏಪ್ರಿಲ್‌ನಲ್ಲಿ ಕಲ್ಲುಬಾಳೆ ಲೈನಿನ ಕೊಳಾಯಿಗೆ ನೀರು ಬಂತು. ಆ ದಿನ ತಿಮ್ಮಮ್ಮ ಗುಡ್ಡ ಇಳಿದು ಬಂದಳು. ದಿನಸಿ ಅಂಗಡಿಯ ಮುಂದೆ ನಿಂತು, "ಬಂತು" ಎಂದಳು. ಬಸಮ್ಮ ಅವಳನ್ನು ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟರು. ಇಬ್ಬರೂ ಬಹಳ ಹೊತ್ತು ಮಾತಾಡಿದರು. ಕಾಮಾಲೆಯಲ್ಲಿ ಹೋದ ಹುಡುಗಿಯ ಬಗ್ಗೆ ಬಸಮ್ಮ ಹೊರಗಿನವರ ಎದುರು ಬಾಯಿ ಬಿಟ್ಟದ್ದು ಅದೇ ಮೊದಲು. ತಿಮ್ಮಮ್ಮನಿಗೂ ಅಂಥದ್ದೇ ಒಂದು ಕಥೆಯಿತ್ತು. ಅವಳ ಎರಡನೆಯ ಮಗ ಸಂತೆಗೆ ಬಂದು ಊರಬಾವಿಯ ನೀರು ಕುಡಿದು, ಅದೇ ವರ್ಷ ಅದೇ ಕಾಯಿಲೆಯಲ್ಲಿ ಹೋಗಿದ್ದ. ಊರಿನವರು ಎಣಿಸಿಕೊಂಡ ಆರರಲ್ಲಿ ಅವನಿರಲಿಲ್ಲ.

ಸಂಜೆ ವಿಮಲಮ್ಮ ಶಾಲೆಯಿಂದ ಬಂದಾಗ ಪರಮೇಶ್ವರಪ್ಪ ಅಂಗಡಿಯ ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು.

"ಕೂತ್ಕೊಳ್ಳಿ ವಿಮಲಮ್ಮ. ಒಂದು ಮಾತು ಹೇಳಬೇಕು ಅಂತ ನಾಲ್ಕು ವರ್ಷದಿಂದ ಇದ್ದೆ."

ವಿಮಲಮ್ಮ ಚೀಲ ಪಕ್ಕಕ್ಕಿಟ್ಟು ಕೂತರು.

"ಆವತ್ತು ನಾನು ಕೇಳಿದ್ದಕ್ಕೆ ನೀವು ಹೂಂ ಅಂದಿದ್ರೆ, ನಂಬರು ಸಿಕ್ಕಿಬಿಡ್ತಿತ್ತು. ಊರು ಪಟ್ಟಣಾನೂ ಆಗ್ತಿತ್ತು. ನಾನು ಆ ಗುಡ್ಡಕ್ಕೆ ಕಾಲೇ ಇಡ್ತಿರಲಿಲ್ಲ. ಅವರನ್ನ ಹಳ್ಳದಾಚೆಯವರು ಅಂದ್ಕೊಂಡೇ ಸತ್ತುಹೋಗ್ತಿದ್ದೆ." ಅವರು ಕೋಲನ್ನು ಕೈಯಿಂದ ಕೈಗೆ ಬದಲಿಸಿದರು. "ಸಿಟ್ಟು ಬಂದಿತ್ತು ನನಗೆ ಆವತ್ತು. ಹೇಳ್ಲಿಲ್ಲ, ಆದ್ರೆ ಬಂದಿತ್ತು. ಈಗ ಹೇಳ್ತಿದೀನಿ, ನೀವು ಇಲ್ಲ ಅಂದಿದ್ದಕ್ಕೆ ನಿಮಗೆ ಕೈ ಮುಗೀಬೇಕು."

"ಹಾಗೆಲ್ಲ ಅನ್ಬೇಡಿ ಅಣ್ಣ. ನೀವು ಆವತ್ತು ಶಾಲೆ ಬಾಗಿಲಿಗೆ ಬಂದು ಮನೆ ಇದೆ ಅಂತ ಹೇಳದೇ ಹೋಗಿದ್ರೆ, ಇಲ್ಲ ಅನ್ನೋಕೆ ನಾನೇ ಈ ಊರಲ್ಲಿ ಇರ್ತಿರಲಿಲ್ಲ."

ಪರಮೇಶ್ವರಪ್ಪ ನಕ್ಕರು. ಒಳಗಿನಿಂದ ಬಸಮ್ಮ, ತಿಮ್ಮಮ್ಮ ಹೊರಟಿದ್ದಾಳೆ, ಕತ್ತಲಾಗುವ ಮುಂಚೆ ಯಾರಾದರೂ ಗುಡ್ಡದ ಬುಡದ ತನಕ ಬಿಟ್ಟು ಬನ್ನಿ ಎಂದು ಕೂಗಿದರು. ವಿಮಲಮ್ಮ ಚೀಲವನ್ನು ಅಲ್ಲೇ ಬಿಟ್ಟು ಎದ್ದರು. ಸಂತೆಮಾಳ ದಾಟುವ ತನಕ ತಿಮ್ಮಮ್ಮ ಅವರ ಕೈ ಹಿಡಿದುಕೊಂಡೇ ನಡೆದಳು, ಮೊಮ್ಮಗಳನ್ನು ಜೂನ್‌ನಲ್ಲಿ ಶಾಲೆಗೆ ಸೇರಿಸುತ್ತೇನೆ, ನೀವೇ ಕ್ಲಾಸಿಗೆ ಹಾಕಿಕೊಳ್ಳಬೇಕು ಎಂದು ಹೇಳುತ್ತಾ.